ಸೌಂಡ್ಸ್ ಅಕ್ಕ ಆರಿಸಿಕೊಟ್ಟ ಆಂಪ್

ಅಕ್ಕನ ಎಡಗೈಯಲ್ಲಿ ಎರಡು ಹಸಿರು ಗಾಜಿನ ಬಳೆ, ಅವುಗಳ ಹಿಂದೆ ಕಪ್ಪು ಟೇಪಿನ ಒಂದು ಅಗಲ ಸುರುಳಿ ಇರುತ್ತಿತ್ತು. ವೇದಿಕೆಯ ಮೇಲೆ ವಯರುಗಳನ್ನು ನೆಲಕ್ಕೆ ಅಂಟಿಸುವ ಟೇಪು ಅದು. ಅದನ್ನೂ ಬಳೆಯ ಹಾಗೆ ಮಣಿಕಟ್ಟಿಗೆ ತೊಟ್ಟುಕೊಂಡು, ಬೇಕಾದಾಗ ಎಳೆದು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದರು. ಚೂಡಿದಾರದ ಮೇಲೆ ಗಂಡನ ತುಂಬುತೋಳಿನ ಅಂಗಿ, ಅಂಗಿಯ ಜೇಬಿನಲ್ಲಿ ಟೆಸ್ಟರ್. ಸುಳ್ಯದಲ್ಲಿ ಅವರಿಗಿಂತ ಹಿರಿಯರೂ ಅವರನ್ನು ಸೌಂಡ್ಸ್ ಅಕ್ಕ ಎಂದೇ ಕರೆಯುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಸುಳ್ಯದ ಒಂದು ಮದುವೆ ಹಾಲಿನಲ್ಲಿ. ಹಗಲು ನನಗೆ ಪುತ್ತೂರಿನ ಮೆಡಿಕಲ್ ಶಾಪಿನಲ್ಲಿ ಕೆಲಸ. ಶನಿವಾರ, ಭಾನುವಾರ ಒಂದು ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ನಾಲ್ಕು ದಪ್ಪ ತಂತಿಯ, ಹಾಡಿನ ತಳದಲ್ಲಿ ನಡೆಯುವ ವಾದ್ಯ. ಕಾಲೇಜಿನಲ್ಲಿ ಹುಡುಗರ ಬ್ಯಾಂಡಿಗೆ ಬೇಸ್ ಹಿಡಿಯಲು ಯಾರೂ ಒಪ್ಪದಿದ್ದಾಗ ನಾನು ಹಿಡಿದದ್ದು, ಆಮೇಲೆ ಬಿಡಲಿಲ್ಲ. ಅವತ್ತು ಹಾಲಿಗೆ ಮೈಕು, ಸ್ಪೀಕರು ಎಲ್ಲ ಅಕ್ಕನದ್ದೇ. ಕಾರ್ಯಕ್ರಮಕ್ಕೆ ಮೊದಲು ನಾವು ಒಂದು ಹಾಡು ನುಡಿಸಿ ನೋಡುತ್ತಿದ್ದೆವು. ಅವರು ಕೊನೆಯ ಸಾಲಿನ ಕುರ್ಚಿಯಿಂದ ಎದ್ದು ನೇರ ನನ್ನ ಹತ್ತಿರ ಬಂದರು.

"ನಿನ್ನ ಗಿಟಾರ್ ಕೇಳುದಿಲ್ಲ ಮಾರಾಯ್ತಿ. ಗುಂಯ್ ಅಂತ ಒಂದು ಶಬ್ದ ಮಾತ್ರ ಉಂಟು. ಯಾವ ಸ್ವರ ಅಂತ ಗೊತ್ತಾಗುದಿಲ್ಲ."

ನಮ್ಮ ತಂಡದ ಯಜಮಾನರು ಹಿಂದಿನಿಂದ, "ಬೇಸ್ ಅಂದ್ರೆ ಹಾಗೇ ಅಲ್ವ ಅಕ್ಕ?" ಎಂದು ನಕ್ಕರು.

"ಹಾಗಾದ್ರೆ ಇವಳನ್ನು ಯಾಕೆ ಕರ್ಕೊಂಡು ಬಂದದ್ದು? ಒಂದು ಹಳೆ ಫ್ರಿಜ್ ತಂದಿಟ್ಟಿದ್ರೆ ಸಾಕಿತ್ತು."

ಅಕ್ಕ ಬಗ್ಗಿ ನನ್ನ ಆಂಪ್ಲಿಫಯರಿನ ಒಂದು ತಿರುಗಣೆಯನ್ನು ಅರ್ಧಕ್ಕಿಳಿಸಿ, ನಡುವಿನದ್ದನ್ನು ಸ್ವಲ್ಪ ಏರಿಸಿ ಹೋದರು. ಎರಡು ವರ್ಷದಿಂದ ನುಡಿಸುತ್ತಿದ್ದ ಹಾಡಿನಲ್ಲಿ ನಾನು ಮಾಡುತ್ತಿದ್ದ ಎರಡು ತಪ್ಪುಗಳು ಅವತ್ತು ಮೊದಲ ಸಲ ನನಗೇ ಕೇಳಿದವು.

ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ ಶುರು ಮಾಡಿದ್ದು ಅವರ ಗಂಡ. ಒಂದು ಸಭೆಗೆ ತೆಂಗಿನ ಮರಕ್ಕೆ ಹಾರ್ನ್ ಸ್ಪೀಕರು ಕಟ್ಟಲು ಹತ್ತಿದವರು ಬಿದ್ದು ಸೊಂಟ ಮುರಿದುಕೊಂಡರು. ಮುಂಗಡ ತೆಗೆದುಕೊಂಡ ಕಾರ್ಯಕ್ರಮಗಳು ಇನ್ನೂ ಇದ್ದವು. ಅಕ್ಕ ಅಲ್ಲಿಯವರೆಗೆ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದವರು. ಗಂಡ ಹಾಸಿಗೆಯಿಂದ ಹೇಳುತ್ತಾ ಹೋದಂತೆ ಒಂದು ನೋಟ್‌ಪುಸ್ತಕದಲ್ಲಿ ಯಾವ ವಯರು ಎಲ್ಲಿಗೆ ಎಂದು ಚಿತ್ರ ಬರೆದುಕೊಂಡು, ಮರುದಿನ ತಾವೇ ಹೋದರು. ಸಂಘಟಕರು ಗಂಡಸರು ಯಾರೂ ಇಲ್ಲವೇ ಎಂದು ಕೇಳಿದರಂತೆ. "ಮೈಕಿಗೆ ಗೊತ್ತಾಗುದಿಲ್ಲ" ಎಂದು ಇವರು ಹೇಳಿದರಂತೆ. ಗಂಡ ಆಮೇಲೆ ಕೋಲು ಹಿಡಿದು ನಡೆಯುವಂತಾದರು, ಅಂಗಡಿಯಲ್ಲಿ ಕೂತು ರಿಪೇರಿ ಮಾಡುತ್ತಿದ್ದರು. ಹೊರಗಿನ ಕೆಲಸ ಪೂರ್ತಿ ಅಕ್ಕನದ್ದು. ಗಂಡ ಹೆಂಡತಿ ತಮ್ಮೊಳಗೆ ಸುಳ್ಯದ ಕಡೆಯ ಅರೆಭಾಷೆಯಲ್ಲಿ ಬಹಳ ಹೊತ್ತು ಜಗಳವಾಡುತ್ತಿದ್ದರು. ಜಗಳ ಹೆಚ್ಚಾಗಿ ವಯರು ಬೆಸೆಯುವ ಸೋಲ್ಡರಿಂಗ್ ಬಗ್ಗೆ.

ನನ್ನ ಆಂಪ್ ಬಗ್ಗೆ ಹೇಳಬೇಕು. ಆಂಪ್ಲಿಫಯರು, ಸ್ಪೀಕರು ಎರಡೂ ಒಳಗೇ ಇರುವ ಪೆಟ್ಟಿಗೆ. ಅದರ ತೂಕ ಮೂವತ್ತನಾಲ್ಕು ಕಿಲೋ. ಎಲ್ಲಿಗೆ ಹೋದರೂ ನಮ್ಮ ಡ್ರಮ್ ನುಡಿಸುವವನೂ ವ್ಯಾನಿನ ಚಾಲಕನೂ ಸೇರಿ ಎತ್ತಬೇಕು. ಪ್ರತಿ ಸಲ "ಎಂತ, ಕಲ್ಲು ತುಂಬಿಸಿದ್ದೀಯಾ?" ಎಂದು ಕೇಳುತ್ತಿದ್ದರು. ತಮಾಷೆಗೇ ಕೇಳುತ್ತಿದ್ದದ್ದು. ಆದರೂ ಅವರಿಗೆ ಪುರುಸೊತ್ತಾಗುವವರೆಗೆ ನಾನು ವ್ಯಾನಿನ ಹತ್ತಿರ ಕಾಯುತ್ತಾ ನಿಂತಿರಬೇಕಿತ್ತು.

ಆಲಂಕಾರಿನ ಒಂದು ಸಭಾಭವನದಲ್ಲಿ ಕಾಯಲಿಕ್ಕೆ ಮನಸ್ಸಾಗದೆ ಒಂದು ಬದಿ ನಾನೇ ಹಿಡಿದೆ. ಮೆಟ್ಟಿಲು ಒದ್ದೆಯಿತ್ತು. ಪೆಟ್ಟಿಗೆ ಜಾರಿ ನನ್ನ ಎಡಗೈಯ ನಡುಬೆರಳಿನ ಮೇಲೆ ಕೂತಿತು. ತಂತಿ ಒತ್ತುವ ಬೆರಳು. ಉಗುರು ಕಪ್ಪಾಗಿ ಉದುರಿತು, ಮೂರು ವಾರ ಗಿಟಾರ್ ಮುಟ್ಟಲಿಲ್ಲ. ಆ ಮೂರು ವಾರದಲ್ಲಿ ತಂಡ ನಾಲ್ಕು ಕಾರ್ಯಕ್ರಮ ಮಾಡಿತು. ಕೀಬೋರ್ಡಿನವನು ಎಡಗೈಯಲ್ಲಿ ಬೇಸ್ ನುಡಿಸಿದನಂತೆ. ಡ್ರಮ್ಮಿನವನು ನನ್ನನ್ನು ನೋಡಲು ಬಂದು, "ಎಂತ ತೊಂದರೆಯೂ ಆಗ್ಲಿಲ್ಲ, ನೀನು ಆರಾಮ ಮಾಡು" ಎಂದ. ಸಮಾಧಾನಕ್ಕೆ ಹೇಳಿದ ಮಾತು. ಬೆರಳಿಗಿಂತ ಅದೇ ಹೆಚ್ಚು ನೋವಾಯಿತು.

ಬೆರಳು ವಾಸಿಯಾಗಿ ನಾನು ಫೋನ್ ಮಾಡಿದಾಗ ಯಜಮಾನರು ಹೇಳಿದರು: "ದೊಡ್ಡ ಸ್ಟೇಜ್ ಬಂದ್ರೆ ಹೇಳ್ತೇನೆ. ಸಣ್ಣದಕ್ಕೆಲ್ಲ ಅವನ ಎಡಗೈ ಸಾಕು. ಆ ಪೆಟ್ಟಿಗೆ ಹೊರುದು ಯಾರು ಹೇಳು?" ನಮ್ಮ ಕಡೆ ದೊಡ್ಡ ಸ್ಟೇಜ್ ವರ್ಷಕ್ಕೆ ಐದಾರು. ಉಳಿದದ್ದೆಲ್ಲ ಮೆಹಂದಿ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ. ಬೇಡ ಎನ್ನುವುದನ್ನು ಅವರು ಒಳ್ಳೆಯ ಮಾತಿನಲ್ಲಿ ಹೇಳಿದ್ದರು.

ಮುಂದಿನ ರಜೆಯ ದಿನ ಸ್ಕೂಟರಿನಲ್ಲಿ ಸುಳ್ಯಕ್ಕೆ ಹೋದೆ. ಅಕ್ಕನ ಅಂಗಡಿ ಮಹಡಿಯ ಮೇಲೆ. ಇಂಟರ್ನೆಟ್ಟಿನಲ್ಲಿ ನೋಡಿ ಹಗುರದ ಆಂಪುಗಳ ಒಂದು ಪಟ್ಟಿ ಮಾಡಿಕೊಂಡಿದ್ದೆ. ಎಷ್ಟು ವಾಟ್, ಎಷ್ಟು ಇಂಚಿನ ಸ್ಪೀಕರು, ಬೆಲೆ, ಎಲ್ಲ ಬರೆದಿದ್ದೆ. ಅಕ್ಕ ಓದಿದರು.

"ಇದನ್ನು ಹೇಳಿದವರು ಪುತ್ತೂರು ಬಸ್ ಸ್ಟ್ಯಾಂಡಲ್ಲಿ ಪೆಟ್ಟಿಗೆ ಹಿಡ್ಕೊಂಡು ಓಡಿದ್ದುಂಟಾ?" ಎಂದು ಕೇಳಿ ಕಾಗದ ಮಡಚಿಟ್ಟರು. "ನೀನು ಹೋಗುದು ಎಂತದ್ರಲ್ಲಿ?"

"ವ್ಯಾನಲ್ಲಿ ಜಾಗ ಇದ್ರೆ ಅದ್ರಲ್ಲಿ. ಇಲ್ಲದಿದ್ರೆ ಬಸ್ಸಲ್ಲಿ. ಹತ್ತಿರ ಆದ್ರೆ ಸ್ಕೂಟರಲ್ಲಿ."

"ಎಲ್ಲಕ್ಕಿಂತ ಸಣ್ಣ ಕಾರ್ಯಕ್ರಮ ಅಂದ್ರೆ?"

"ಮನೆ ಅಂಗಳ. ನೂರು ಜನ."

"ಹಾಂ. ದೊಡ್ಡ ಕಡೆ ನನ್ನಂಥವರ ಸ್ಪೀಕರು ಇರ್ತದೆ. ನಿನ್ನ ಆಂಪಿನ ಹಿಂದಿನಿಂದ ಒಂದು ವಯರ್ ಎಳೆದು ನಮಗೆ ಕೊಟ್ರೆ ಆಯ್ತು, ಜನರಿಗೆ ನಾವು ಕೇಳಿಸ್ತೇವೆ. ಅಲ್ಲಿ ಆಂಪ್ ಬೇಕಾದ್ದು ನಿನ್ನ ಕಿವಿಗೆ ಮಾತ್ರ. ಅಂಗಳದಲ್ಲಿ ಅದೊಂದೇ ಇರುದು. ಹಾಗಾಗಿ ನೂರು ಜನಕ್ಕೆ ಸಾಕಾ ಅಂತ ನೋಡು. ಅದಕ್ಕಿಂತ ಹೆಚ್ಚಿನದ್ದು ಎಂತಕ್ಕೆ? ದುಡ್ಡೂ ದಂಡ, ಬೆನ್ನೂ ದಂಡ."

ಅಂಗಡಿಯಲ್ಲಿದ್ದ ಮೂರು ಆಂಪುಗಳನ್ನು ಮುಂದಿಟ್ಟರು. ಮೊದಲಿಗೆ ಒಂದನ್ನೂ ಕರೆಂಟಿಗೆ ಹಾಕಲಿಲ್ಲ. ಒಂದೊಂದನ್ನೇ ಎತ್ತಿಕೊಂಡು ಮೆಟ್ಟಿಲಿಳಿದು ರಸ್ತೆಯ ತಿರುವಿನವರೆಗೆ ಹೋಗಿ ವಾಪಸು ಬರಲು ಹೇಳಿದರು. ಮೊದಲನೆಯದ್ದು ಹೊತ್ತು ಬಂದಾಗ ನನಗೆ ಏದುಸಿರು. "ಇದು ನಿನ್ನದಲ್ಲ" ಎಂದರು. ಎರಡನೆಯದ್ದು ಒಂದು ಊಟದ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡದು, ನಾನು ಓಡಿಕೊಂಡೇ ಬಂದೆ. ಅದನ್ನು ಕರೆಂಟಿಗೆ ಹಾಕಿ, "ಎಲ್ಲಕ್ಕಿಂತ ದಪ್ಪದ ತಂತಿ ಹೊಡಿ" ಎಂದರು. ಸ್ಪೀಕರು ಗಾಳಿಗೆ ಸಿಕ್ಕಿದ ಕಾಗದದಂತೆ ಪಟಪಟ ಎಂದಿತು. "ಮನೆಯಲ್ಲಿ ಅಭ್ಯಾಸ ಮಾಡ್ಲಿಕ್ಕೆ ಚಂದ ಉಂಟು" ಎಂದು ಒಳಗಿಟ್ಟರು. ಮೂರನೆಯದ್ದು ಹೊಸದು, ಒಂಬತ್ತು ಕಿಲೋ, ಸ್ವರ ಸ್ಪಷ್ಟ. ಅಳತೆಯ ಟೇಪು ಹಿಡಿದು ನನ್ನ ಸ್ಕೂಟರಿನ ಕಾಲಿಡುವ ಜಾಗ ಅಳೆದರು. ಕೂತಿತು. "ಇದು ಕೊಂಡುಹೋಗು. ಎರಡು ಕಾರ್ಯಕ್ರಮ ನುಡಿಸಿ ಆಮೇಲೆ ಹೇಳು, ದುಡ್ಡಿನ ವಿಷಯ ಆಗ ಮಾತಾಡುವ" ಎಂದರು.

ಯಜಮಾನರನ್ನು ಒಪ್ಪಿಸಿ ಕಡಬದ ಹತ್ತಿರ ಒಂದು ಮೆಹಂದಿಗೆ ಹೋದೆ. ಯಾರ ಕೈಯನ್ನೂ ಕಾಯದೆ ನಾನೇ ಹೊತ್ತು ಅಂಗಳಕ್ಕಿಳಿದೆ. ಮೂರನೇ ಹಾಡಿನ ಹೊತ್ತಿಗೆ ಅಡುಗೆಯವರು ಹಿಂದೆ ದೊಡ್ಡ ಗ್ರೈಂಡರ್ ಹಾಕಿದರು. ದೀಪಗಳು ಮಂಕಾದವು, ಆಂಪಿನಲ್ಲೊಂದು ಕೆಂಪು ದೀಪ ಹತ್ತಿತು, ಸ್ವರ ನಿಂತಿತು. ಹಾಡಿನ ಮುಂದಿನ ಸಾಲಿಗೆ ಕೀಬೋರ್ಡಿನವನ ಎಡಗೈ ಇಳಿದಾಗಿತ್ತು. ಉಳಿದ ಹಾಡುಗಳಿಗೆಲ್ಲ ನಾನು ಮೂಕ ಗಿಟಾರ್ ಹಿಡಿದು, ಜನರಿಗೆ ತಿಳಿಯಬಾರದೆಂದು ಬೆರಳು ಆಡಿಸುತ್ತಾ ನಿಂತೆ.

ಅಕ್ಕನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಮರುದಿನ ಅವರು ಬಸ್ಸು ಹಿಡಿದು ಪುತ್ತೂರಿಗೆ ಬಂದರು. ಮೆಡಿಕಲ್ಲಿನಲ್ಲಿ ಚೀಟಿ ಹಿಡಿದು ನಿಂತವರ ನಡುವೆ ತಮ್ಮ ಸರದಿ ಬರುವವರೆಗೆ ನಿಂತು, ಕೌಂಟರಿನ ಆಚೆಯಿಂದ ಹೇಳಿದರು: "ತಪ್ಪು ನಂದು. ವೋಲ್ಟೇಜ್ ಇಳಿದ್ರೆ ಎಂತ ಆಗ್ತದೆ ಅಂತ ನಾನು ನೋಡದೆ ಕೊಟ್ಟೆ. ಮೂವತ್ತು ವರ್ಷದಿಂದ ಈ ಊರಿನ ಕರೆಂಟಲ್ಲಿ ಕೆಲಸ ಮಾಡುವವಳು ನಾನು, ನೋಡ್ಬೇಕಿತ್ತು. ನಿನಗೆ ಅವಮಾನ ಆಯ್ತು."

"ಹಾಗೆಲ್ಲ ಇಲ್ಲ ಅಕ್ಕ" ಎಂದೆ.

"ಆಯ್ತು. ಅವಮಾನ ಆಗ್ಲಿಲ್ಲ ಅಂತ ಹೇಳ್ಬೇಡ."

ಹಿಂದೆ ನಿಂತಿದ್ದವರೊಬ್ಬರು ಬಿಪಿ ಮಾತ್ರೆ ಕೇಳಿದರು. ಅಕ್ಕ ಬದಿಗೆ ಸರಿದು, ನಾನು ಅಲ್ಲಿಗೆ ತಂದಿಟ್ಟಿದ್ದ ಆಂಪ್ ತೆಗೆದುಕೊಂಡು ವಾಪಸು ಹೋದರು. ಇಷ್ಟು ಹೇಳಲು ಫೋನ್ ಸಾಕಿತ್ತು. ನನಗೆ ಅಷ್ಟು ವಯಸ್ಸಿನವರು ಯಾರೂ ಅಲ್ಲಿಯವರೆಗೆ ತಪ್ಪು ನಂದು ಎಂದು ಹೇಳಿರಲಿಲ್ಲ.

ಹತ್ತು ದಿನ ಬಿಟ್ಟು ಕರೆದರು. ಪುತ್ತೂರು, ಮಂಗಳೂರಿನ ಪರಿಚಯದವರಿಂದ ಐದು ಆಂಪ್ ತರಿಸಿಟ್ಟಿದ್ದರು, ಬೇಡವಾದದ್ದನ್ನು ಹಿಂದೆ ಕೊಡುವ ಮಾತಿನ ಮೇಲೆ. ಗಂಡ ಕರೆಂಟನ್ನು ಬೇಕಾದಷ್ಟು ಇಳಿಸುವ ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ನಾನು ನುಡಿಸುತ್ತಲೇ ಇರಬೇಕು, ಅವರು ನಿಧಾನ ಇಳಿಸುತ್ತಾ ಹೋಗುವರು, ಅಕ್ಕ ಮೀಟರಿನ ಮುಳ್ಳು ನೋಡಿ ಎಷ್ಟು ವೋಲ್ಟ್ ಎಂದು ಹೇಳುವರು. ಒಂದೊಂದಾಗಿ ನಾಲ್ಕು ಆಂಪುಗಳು ಕೆಮ್ಮಿ ನಿಂತವು. ಐದನೆಯದ್ದು ಯಾರೋ ಬಳಸಿ ಕೊಟ್ಟದ್ದು, ಒಂದು ಮೂಲೆ ಒಡೆದಿತ್ತು, ಹಿಡಿ ಬೇರೆ ಹಾಕಿದ್ದು. ಅದೇ ಸಾಲಿಗೆ ಹಾಕಿದ್ದ ಬಲ್ಬು ಬರೀ ಕೆಂಪು ತಂತಿಯಾಗುವಷ್ಟು ಇಳಿದ ಮೇಲೂ ಅದು ನುಡಿಯುತ್ತಿತ್ತು. ಗಂಡ ಮೊದಲ ಸಲ ನನ್ನ ಕಡೆ ನೋಡಿ ನಕ್ಕರು.

ಪಕ್ಕದ ಬ್ಯಾರಿಯವರ ದಿನಸಿ ಅಂಗಡಿಗೆ ಕೊಂಡುಹೋಗಿ ಅಕ್ಕಿ ತೂಗುವ ತಕ್ಕಡಿಯ ಮೇಲಿಟ್ಟೆವು. "ಎಷ್ಟು ಕಟ್ಟಲಿ ಅಕ್ಕ?" ಎಂದು ಅವರು ಕೇಳಿದರು. ಹನ್ನೊಂದು ಕಿಲೋ. ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಮೂಲೆ ಒಡೆದದ್ದನ್ನು ನಾನು ಮುಟ್ಟಿ ನೋಡುತ್ತಿದ್ದೆ.

"ಅದಕ್ಕೇ ಕಡಿಮೆಗೆ ಸಿಕ್ಕಿದ್ದು" ಎಂದರು ಅಕ್ಕ. "ಮೂಲೆ ಎಂತ ಹಾಡ್ತದಾ?"

"ಆದ್ರೆ ಅವರು ಇನ್ನು ನನ್ನನ್ನು ಕರೀಬೇಕಲ್ಲ ಅಕ್ಕ."

"ಕರೆಯುವವರೆಗೆ ಕಾಯ್ಬೇಡ. ಮುಂದಿನದ್ದು ಎಲ್ಲಿ ಅಂತ ಕೇಳಿ ಪೆಟ್ಟಿಗೆ ಹಿಡ್ಕೊಂಡು ಹೋಗು. ಬೇಡ ಅಂದ್ರೆ ಹಿಡ್ಕೊಂಡೇ ವಾಪಸು ಬಾ. ಹೇಗೂ ಹೊರುದು ನೀನೇ ಅಲ್ವ?"

ಹೋದೆ. ಒಂದು ಶಾಲೆಯ ವಾರ್ಷಿಕೋತ್ಸವ. ಬಸ್ಸಿಳಿದು ಮೈದಾನ ದಾಟಿ ವೇದಿಕೆ ಹತ್ತಿ ಆಂಪ್ ಇಟ್ಟು ವಯರ್ ಜೋಡಿಸುವವರೆಗೆ ಯಜಮಾನರು ನೋಡುತ್ತಲೇ ಇದ್ದರು. "ಯಾರು ಬರ್ಲಿಕ್ಕೆ ಹೇಳಿದ್ದು?" ಎಂದು ಕೇಳಿದರು.

"ಯಾರೂ ಹೇಳ್ಲಿಲ್ಲ. ಎರಡು ಹಾಡು ಕೇಳಿ. ಸರಿ ಇಲ್ಲದಿದ್ರೆ ಹೋಗ್ತೇನೆ."

ಅವರು ಡ್ರಮ್ಮಿನವನಿಗೆ ಶುರು ಮಾಡಲು ಕೈ ತೋರಿಸಿದರು. ಮೊದಲ ಹಾಡಿನಲ್ಲಿ ನನಗೆ ಒಂದು ಕಡೆ ತಪ್ಪಿತು. ಎರಡನೆಯದ್ದು ಸರಿಯಾಯಿತು. ಮೂರನೆಯದ್ದರ ಮೊದಲು ಯಜಮಾನರು ಕೀಬೋರ್ಡಿನ ಹತ್ತಿರ ಹೋಗಿ, "ನೀನು ಬಲಗೈ ಮಾತ್ರ ನುಡಿಸು" ಎಂದದ್ದು ನನಗೆ ಕೇಳಿತು. ಅಂದಿನಿಂದ ತಂಡದ ಎಲ್ಲ ಕಾರ್ಯಕ್ರಮಗಳಿಗೆ ನನಗೆ ಕರೆ ಬರುತ್ತದೆ.

ಅಕ್ಕನಿಗೆ ಹೇಳಿದಾಗ ಅವರು ಒಂದು ಮೈಕಿನ ಬಲೆ ತೊಳೆಯುತ್ತಿದ್ದರು. "ಸರಿ" ಎಂದರು. ಬಲೆಯ ನೀರು ಕೊಡವಿ, "ಮೊದಲ ಹಾಡಲ್ಲಿ ಎಲ್ಲಿ ತಪ್ಪಿದ್ದು?" ಎಂದು ಕೇಳಿದರು.

ಕಳೆದ ವರ್ಷ ಅವರಿಗೆ ಹೊಟ್ಟೆಯಲ್ಲಿ ಕಾಯಿಲೆ ಕಂಡಿತು. ಪುತ್ತೂರಿನ ಆಸ್ಪತ್ರೆ ನಮ್ಮ ಅಂಗಡಿಗೆ ಹತ್ತಿರ, ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಕೂತು ಬರುತ್ತಿದ್ದೆ. ಒಂದು ಶನಿವಾರ ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದರು. ಗಂಡ ಕೆಳಗೆ ಕಾರಿನ ಹತ್ತಿರ ಇದ್ದರು. ನಾನು ಅಕ್ಕನ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದೆ.

"ನಾಳೆ ಎಲ್ಲಿ ಕಾರ್ಯಕ್ರಮ?" ಎಂದು ಕೇಳಿದರು.

"ಸುಬ್ರಹ್ಮಣ್ಯದಲ್ಲಿ, ಮದುವೆ. ನಾನು ಬರುದಿಲ್ಲ ಅಂತ ಹೇಳಿದ್ದೇನೆ. ನಿಮ್ಮಲ್ಲಿಗೆ ಬರ್ತೇನೆ."

ಅವರಿಗೆ ಸಿಟ್ಟು ಬಂತು. "ನಮ್ಮಲ್ಲಿ ಎಂತ ಉಂಟು? ಮಲಗಿದವಳ ಮುಖ ನೋಡ್ಲಿಕ್ಕಾ? ಈಗ ಫೋನ್ ಮಾಡಿ ಬರ್ತೇನೆ ಅಂತ ಹೇಳು. ನನ್ನೆದುರೇ ಮಾಡು."

ಮಾಡಿದೆ. ಯಜಮಾನರು ಎತ್ತಿ, ಸರಿ ಎನ್ನುವವರೆಗೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

ಭಾನುವಾರ ಮದುವೆ ಊಟದ ಹೊತ್ತಿಗೆ ನಮ್ಮ ಹಾಡು ಮುಗಿಯಿತು. ಫೋನ್ ನೋಡಿದಾಗ ಅವರ ಗಂಡನ ಮೂರು ಕರೆಗಳಿದ್ದವು. ತಿರುಗಿ ಫೋನ್ ಮಾಡಿದೆ. ಅಕ್ಕ ಹನ್ನೆರಡು ಗಂಟೆಗೆ ತೀರಿಹೋಗಿದ್ದರು. ಆ ಹೊತ್ತಿಗೆ ನಾನು ಯಾವ ಹಾಡಿನಲ್ಲಿದ್ದೆ ಎಂದು ನೆನಪು ಮಾಡಲು ನೋಡಿದೆ, ಆಗಲಿಲ್ಲ. ತಂಡದವರು ವ್ಯಾನಿನಲ್ಲಿ ಪುತ್ತೂರಿಗೆ ಹೊರಟು ನಿಂತಿದ್ದರು. ನಾನು ಸುಳ್ಯದ ಬಸ್ಸು ಹತ್ತಿದೆ. ಗಿಟಾರ್ ಬೆನ್ನಿಗೆ, ಆಂಪ್ ಕಾಲಿನ ಹತ್ತಿರ. ಅವನ್ನು ವ್ಯಾನಿನಲ್ಲಿ ಕಳಿಸಬಹುದಿತ್ತು ಎಂದು ಹೊಳೆದದ್ದು ಬಸ್ಸು ಬಹಳ ದೂರ ಬಂದ ಮೇಲೆ.

ಅಕ್ಕನ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕುತ್ತಿದ್ದರು. ಮದುವೆಗೆಂದು ಉಟ್ಟ ಸೀರೆಯಲ್ಲಿ, ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಬಂದ ನನ್ನನ್ನು ಜನ ನೋಡಿದರು. ನನಗೆ ನಾಚಿಕೆಯಾಗಿ ಆಂಪನ್ನು ಅಂಗಳದ ಮೂಲೆಯಲ್ಲಿ, ತುಳಸಿಕಟ್ಟೆಯಿಂದ ಆಚೆ ಇಟ್ಟು ಮೆಟ್ಟಿಲು ಹತ್ತಿದೆ. ಜಗಲಿಯಲ್ಲಿ ಅವರ ಗಂಡ ಕೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಹತ್ತಿರ ನಿಂತೆ. ಅವರು ನನ್ನನ್ನು ನೋಡಿದರು, ಆಮೇಲೆ ನನ್ನ ಹಿಂದೆ ಅಂಗಳವನ್ನು ನೋಡಿದರು.

"ಅದನ್ನು ಬಿಸಿಲಲ್ಲಿ ಇಡ್ಬೇಡ ಮಗಾ" ಎಂದರು. "ಒಳಗೆ ತಾ."

ನಾನು ಇಳಿದು ಹೋಗಿ ಅದನ್ನು ಎತ್ತಿಕೊಂಡು ಬಂದೆ. ಒಳಗೆ ಅಕ್ಕನ ಸುತ್ತ ಕೂತಿದ್ದ ಹೆಂಗಸರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.