ಅರಿಶಿನ ನಿಲ್ಲುವ ಕಾಗದ

ತೊಂಬತ್ತರ ದಶಕದಲ್ಲಿ ಸೇಲಂನ ಒಂದು ಸಣ್ಣ ಪ್ರೆಸ್ಸಿನಲ್ಲಿ ನನಗೆ ಮದುವೆ ಕಾರ್ಡು ಮಡಚುವ ಕೆಲಸ. ಮನೆಯಲ್ಲಿ ಮಗ್ಗ, ಕನ್ನಡ. ಪ್ರೆಸ್ಸಿನಲ್ಲಿ ಎಲ್ಲ ತಮಿಳು. ಕಾಗದವನ್ನು ಕಣ್ಣು ಮುಚ್ಚಿ ಬೆರಳಿನಲ್ಲೇ ಗುರುತಿಸಬಲ್ಲೆ ಎಂಬ ಜಂಬ ಬೇರೆ.

ಒಂದು ದಿನ ಮೆಟ್ಟೂರಿನ ಸೋದರಮಾವನ ಮಗ ಅಲ್ಲಿಗೇ ಬಂದ. ನಾನು ಹುಟ್ಟಿದಾಗಲೇ ಇವಳು ಅವನಿಗೆ ಎಂದು ಎರಡೂ ಮನೆಯವರು ಆಡಿಕೊಂಡಿದ್ದರು. ಮದುವೆ ಕಾರ್ಡಿಗೆ ಒಳ್ಳೆಯ ಕಾಗದ ಆರಿಸಿಕೊಡು ಅಂದ. ಯಾರ ಮದುವೆ ಎಂದು ನಾನು ಕೇಳಲಿಲ್ಲ. ಕೇಳುವುದೇನು, ನಮ್ಮದೇ ತಾನೇ? ತಲೆ ತಗ್ಗಿಸಿ ನಾಚಿಕೊಂಡೆ. ಅಂಥ ದಡ್ಡಿ ನಾನು.

ಅವನ ಕಣ್ಣು ಫಳಫಳ ಹೊಳೆಯುವ ಕಾರ್ಡಿನ ಮೇಲಿತ್ತು. ನಾನು ಬೇಡವೆಂದೆ. ನಮ್ಮವರು ನಾಲ್ಕು ಮೂಲೆಗೆ ಅರಿಶಿನ ಹಚ್ಚದೆ ಕಾರ್ಡು ಕೊಡುವುದಿಲ್ಲ. ನುಣುಪು ಕಾಗದದ ಮೇಲೆ ಅದು ಒಣಗಿ ಉದುರಿಹೋಗುತ್ತದೆ. ಪಕ್ಕದ ಅಂಗಡಿಯಿಂದ ಅರಿಶಿನ ತಂದು, ಕಲಸಿ, ಐದಾರು ಬಗೆಯ ಕಾಗದದ ಚೂರುಗಳಿಗೆ ಹಚ್ಚಿ ಒಣಗಿಸಿದೆ. ಕೊಂಚ ತರಿತರಿಯಾದ, ಕೆನೆಬಣ್ಣದ ದಪ್ಪ ಕಾಗದವೊಂದು ನೂಲು ಬಣ್ಣ ಕುಡಿದ ಹಾಗೆ ಅರಿಶಿನ ಕುಡಿಯಿತು.

"ನಿಂಗೆ ಒಪ್ಪಿದ್ದೇ ಆಗ್ಲಿ ಬುಡು," ಅಂದ.

ಆ ಮಾತನ್ನೇ ಮೆಲುಕು ಹಾಕುತ್ತ ಒಂದು ವಾರ ಕಳೆದೆ. ಆಮೇಲೆ ಅಚ್ಚಾದ ಮೊದಲ ಹಾಳೆ ನನ್ನ ಮೇಜಿಗೆ ಬಂತು. ಗಂಡಿನ ಹೆಸರು ಅವನದೇ. ಹೆಣ್ಣು ಮೊರಪ್ಪೂರಿನವಳು. ಮೂರು ಸಲ ಓದಿದೆ, ಹೆಣ್ಣು ಬದಲಾಗಲಿಲ್ಲ.

ಹಾಳೆ ಹಿಡಿದು ಮನೆಗೆ ಓಡಿದೆ. ಅವ್ವ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹಾಳೆ ನೋಡಿಯೂ ಬೆಚ್ಚಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು.

"ನೀನೇ ಕಾಗ್ದ ಆರಿಸ್ಕೊಟ್ಯಂತಲ್ಲ? ಅವ್ಳಿಗೇನೂ ಬೇಜಾರಿಲ್ಲ ಅತ್ತೆ ಅಂತ ಅವ್ನೇ ಬಂದು ಏಳ್ಬುಟ್ಟೋದ. ನಾನೂ ಸಮ್ಮತಂ ಅಂದ್ಬುಟ್ಟೆ."

ಹಾಗಾದರೆ ಅವನು ಬಂದದ್ದು ಕಾಗದಕ್ಕಲ್ಲ, ನನ್ನ ಒಪ್ಪಿಗೆಗೆ. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ ನನ್ನ ಬೆರಳಿನಿಂದಲೇ ಅದನ್ನು ತೆಗೆದುಕೊಂಡು ಹೋಗಿದ್ದ. ಅವ್ವನಾದರೂ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಅವನಿಗಿಂತ ಅವಳ ಮೇಲೆ ನನಗೆ ಸಿಟ್ಟು ಹೆಚ್ಚು, ಇವತ್ತಿಗೂ.

ಮೊದಲ ಕಾರ್ಡು ಗಂಡಿನ ಸೋದರತ್ತೆಯ ಮನೆಗೆ, ಅಂದರೆ ನಮ್ಮ ಮನೆಗೇ, ಕೊಡುವುದು ಪದ್ಧತಿ. ಅವನೇ ಎಲೆ ಅಡಿಕೆಯ ತಟ್ಟೆ ಹಿಡಿದು ಬಂದ, ನನ್ನ ಮುಖ ನೋಡಲಿಲ್ಲ. ಅವನು ಹೋದಮೇಲೆ ಕಾರ್ಡಿನ ಮೂಲೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿದೆ. ಒಂದು ಚೂರೂ ಅರಿಶಿನ ಬಿಡಲಿಲ್ಲ.