ಬಿಸಿಯಾಗದ ಕಬ್ಬಿಣ

ಬೆಳಿಗ್ಗೆಯಿಂದ ಪಕ್ಕದ ಮನೆಯ ಗೇಟಿಗೆ ವೆಲ್ಡಿಂಗ್ ನಡೆಯುತ್ತಿದೆ. ರಾಡು ಸುಡುವ ವಾಸನೆ ಕಿಟಕಿಯಿಂದ ನುಗ್ಗಿ ನನ್ನ ಕಾಫಿಯವರೆಗೂ ಬಂದಿದೆ. ನಿಮಗಾದರೆ ಕೆಮ್ಮು ಬರಬಹುದು. ಬಂಟ್ವಾಳದ ಕಡೆಯ ಒಂದು ಖಾಸಗಿ ಐಟಿಐಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಕಲಿಸಿದ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ, ಮೊದಲು ಒಂದು ಮೆಶಿನ್ನಿನ ಮೇಲೆ.

ನಾನು ನಿವೃತ್ತನಾಗುವ ಹಿಂದಿನ ವರ್ಷ, ಬೆಂಕಿಯಿಲ್ಲದೆ ವೆಲ್ಡಿಂಗ್ ಕಲಿಸುವ ಆ ಮೆಶಿನ್ನು ನಮ್ಮಲ್ಲಿಗೆ ಬಂತು. ಕಣ್ಣು ಮುಚ್ಚುವ ಹೆಲ್ಮೆಟ್, ಕೈಗೊಂದು ಹಿಡಿಕೆ, ಎದುರಿಗೆ ಪ್ಲಾಸ್ಟಿಕ್ ತುಂಡು. ಹೆಲ್ಮೆಟ್ಟಿನೊಳಗೆ ಬೆಂಕಿ ಕಾಣುತ್ತದೆ, ಕಿಡಿ ಹಾರುತ್ತದೆ. ಹೊರಗಿನವರಿಗೆ ಕಾಣುವುದು ಗಾಳಿಯಲ್ಲಿ ರಂಗೋಲಿ ಹಾಕುವ ಒಬ್ಬ ಹುಚ್ಚ. ಮುಗಿದ ಮೇಲೆ ನೂರಕ್ಕೆ ಇಷ್ಟೆಂದು ಅಂಕ. ಅದಕ್ಕೊಂದು ಎಸಿ ಕೋಣೆ, ಕೋಣೆಗೆ ಮ್ಯಾಟು, ಮ್ಯಾಟು ಕೊಳೆಯಾಗದಂತೆ ಬಾಗಿಲಲ್ಲಿ ಬೋರ್ಡು: ‘ಪಾದರಕ್ಷೆ ಹೊರಗೆ ಬಿಡಿ’. ಬರಿಗಾಲಲ್ಲಿ ವೆಲ್ಡಿಂಗ್, ಕರ್ಮ! ಉದ್ಘಾಟನೆಗೆ ಬಂದ ಹೋಟೆಲ್ ಧನಿಗಳು ಪಂಚೆ ಎತ್ತಿಕಟ್ಟಿ ಎರಡು ಗೀಟು ಎಳೆದರು. ಎಪ್ಪತ್ತೆರಡು ಬಂತು, ಚಪ್ಪಾಳೆಯೂ ಬಂತು. ಪ್ರಿನ್ಸಿಪಾಲರು ನನ್ನನ್ನೂ ಕರೆದರು. ನನಗೆ ಬಂದದ್ದು ಮೂವತ್ತನಾಲ್ಕು.

“ಸರ್ ಪಾಸಾಗ್ಲಿಲ್ಲ!” ಹಿಂದಿನಿಂದ ಯಾರೋ ಕೂಗಿದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಆ ಕೋಣೆಯ ನೆಲವನ್ನು ಮತ್ತೆ ತುಳಿಯಲೇ ಇಲ್ಲ.

ಶಿರ್ತಾಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಯಶವಂತನೆಂಬ ವಿದ್ಯಾರ್ಥಿಯಿದ್ದ. ಅವನು ಮುಟ್ಟಿಸಿದ ರಾಡೆಲ್ಲ ಕಬ್ಬಿಣಕ್ಕೆ ಅಂಟಿಕೊಳ್ಳುತ್ತಿತ್ತು. “ನಿನ್ನ ಕೈಗೆ ಇದು ಹೇಳಿದ್ದಲ್ಲ ಮಾರಾಯ, ಬಸ್ಸಲ್ಲಿ ಟಿಕೆಟ್ ಹರಿಯಲಿಕ್ಕೆ ಹೋಗು” ಎಂದು ಎಲ್ಲರೆದುರು ಎಷ್ಟು ಸಲ ಹೇಳಿದ್ದೇನೋ. ಮೆಶಿನ್ನು ಹಾಗೆ ಹೇಳಲಿಲ್ಲ. ನೂರು ಸಲ ತಪ್ಪಿದರೂ ಕೈ ಓರೆಯಾಯಿತು, ರಾಡು ದೂರ ಹೋಯಿತು ಎಂದಷ್ಟೇ ತೋರಿಸಿತು. ಮೂರು ತಿಂಗಳಲ್ಲಿ ಅವನಿಗೆ ತೊಂಬತ್ತಾರು! ಕೈ ಕುದುರಿತ್ತು, ಒಪ್ಪಿಕೊಳ್ಳಲೇಬೇಕು. ಪ್ರಿನ್ಸಿಪಾಲರಂತೂ ಹಿಗ್ಗಿ, ಇನ್ನು ರಾಡು ಸುಡುವುದೇ ದಂಡ ಎಂದು ವರ್ಕ್‌ಶಾಪಿಗೆ ಬೀಗ ಹಾಕಿಸಿದರು.

ಆದರೆ ಗಾಜಿನ ಬಾಗಿಲಿಂದ ನಾನೊಂದು ಕಂಡಿದ್ದೆ. ಗೀಟು ಎಳೆದಾದ ತಕ್ಷಣ ಮಕ್ಕಳು ಆ ಪ್ಲಾಸ್ಟಿಕ್ ತುಂಡನ್ನು ಬರಿಗೈಯಲ್ಲಿ ಎತ್ತಿ ಮುಂದಿನವನಿಗೆ ಕೊಡುತ್ತಿದ್ದರು. ಇವರು ಒಂದು ದಿನ ಕೈ ಬೇಯಿಸಿಕೊಳ್ಳುತ್ತಾರೆ ಎಂದು ಒಳಗೊಳಗೇ ನಕ್ಕಿದ್ದೆ.

ಅಷ್ಟರಲ್ಲಿ ಯಶವಂತನ ಭಾವ ಕುವೈಟಿನಲ್ಲಿ ಅವನ ಕೆಲಸಕ್ಕೆ ದಾರಿ ಮಾಡಿದರು. ಮಂಗಳೂರಿನಲ್ಲಿ ಕಂಪೆನಿಯವರ ಪರೀಕ್ಷೆ. ಪಾಸಾದರೆ ವೀಸಾ, ಇಲ್ಲವಾದರೆ ಇಲ್ಲ. ಹಿಂದಿನ ದಿನ ಅವನು ನನ್ನ ಬಳಿ ಬಂದ.

“ಸರ್, ಒಂದು ಸಲ ನಿಜದ್ದರಲ್ಲಿ ಮಾಡಿ ನೋಡುವ. ನೀವು ಹತ್ತಿರ ನಿಂತ್ರೆ ಸಾಕು.”

ವರ್ಕ್‌ಶಾಪಿನ ಬೀಗದ ಕೈ ನನ್ನ ಕಿಸೆಯಲ್ಲೇ ಇತ್ತು. “ತೊಂಬತ್ತಾರು ತೆಗೆದವನಿಗೆ ಮೂವತ್ತನಾಲ್ಕರವ ಎಂತ ಹೇಳಿಕೊಡುವುದು?” ಎಂದೆ. ಅವನು ತಲೆ ತಗ್ಗಿಸಿ ಹೋದ.

ಮರುದಿನ ಅವನ ಬೆಸುಗೆಯ ಗೀಟು ಎಷ್ಟು ಚಂದ ಬಂತೆಂದರೆ, ಪರೀಕ್ಷಕ ಇನ್ನೊಬ್ಬನನ್ನು ಕರೆದು ತೋರಿಸಿದನಂತೆ. ಆ ಸಂತೋಷದಲ್ಲಿ ಇವನು ಗ್ಲೌಸು ಕಳಚಿ, ಕಬ್ಬಿಣವನ್ನು ಬರಿಗೈಯಲ್ಲಿ ಎತ್ತಿ ಕೊಡಲು ಹೋದ. ಸುಡುತ್ತದೆಂದು ಗೊತ್ತಿರಲಿಲ್ಲವೇ? ತಲೆಗೆ ಗೊತ್ತಿತ್ತು, ಕೈಗೆ ಮರೆತಿತ್ತು. ಅಂಗೈಯ ಚರ್ಮವೇ ಕಿತ್ತು ಬಂತು. ಕೆಲಸದ ಶಿಸ್ತು ಇಲ್ಲದವನೆಂದು ಅಲ್ಲೇ ಫೇಲು ಮಾಡಿದರು.

ಅವನ ಮನೆಗೆ ನೋಡಲು ಹೋದೆ. ಕೈತುಂಬ ಬ್ಯಾಂಡೇಜು. ನಾನು ಮೆಶಿನ್ನಿಗೆ ಹಿಡಿಶಾಪ ಹಾಕುತ್ತಿದ್ದರೆ ಅವನು ಮೆತ್ತಗೆ ಹೇಳಿದ: “ಮೆಶಿನಿಗೆ ಬಿಸಿ ಗೊತ್ತಿಲ್ಲ ಸರ್. ನಿಮಗೆ ಗೊತ್ತಿತ್ತಲ್ಲ?”

ನಾನು ಅವನ ತಾಯಿ ತಂದ ಚಾ ಕುಡಿದು ಎದ್ದುಬಂದೆ. ಆಮೇಲೆ ಎಷ್ಟೋ ಮದುವೆ ಚಪ್ಪರಗಳಲ್ಲಿ ‘ಎಸಿ ವೆಲ್ಡರನ ಕತೆ’ ಎಂದು ಇದನ್ನೇ ಹೇಳಿ ಜನರನ್ನು ನಗಿಸಿದ್ದೇನೆ. ಬೀಗದ ಕೈಯ ಮಾತು ಮಾತ್ರ ಯಾರಿಗೂ ಹೇಳಲಿಲ್ಲ. ನಾಚಿಕೆಗೆಟ್ಟವ ನಾನು.

ಯಶವಂತ ಈಗ ಮೂಡುಬಿದಿರೆಯ ಒಂದು ಗ್ರಿಲ್ ಅಂಗಡಿಯಲ್ಲಿದ್ದಾನೆ. ಇವತ್ತು ಈ ಹೊಗೆಯಲ್ಲಿ ಕುಳಿತಿರಲಾಗದೆ ಫೋನ್ ಮಾಡಿದೆ.

“ಗೊತ್ತಿತ್ತು ಮಾರಾಯ,” ಎಂದೆ. “ಬೇಕೆಂತಲೇ ಹೇಳಲಿಲ್ಲ.”

ಅತ್ತ ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವ ಸದ್ದು ಕೇಳುತ್ತಿತ್ತು.

“ಸರಿ ಸರ್,” ಅಂದ. “ಕೆಲಸ ಉಂಟು, ಇಡ್ತೇನೆ.”

ಇಟ್ಟೇಬಿಟ್ಟ.