ಬ್ರೇಕಿಗೆ ಇಟ್ಟ ಕುಂಕುಮ

ಆಸ್ಟಿನ್ ಹತ್ತಿರ ನನ್ನ ಮೊದಲ ಮೌಂಟನ್ ಬೈಕ್ ರೇಸ್. ಅಂದರೆ ಕಲ್ಲುಗುಡ್ಡದಲ್ಲಿ ಸೈಕಲ್ ಓಟ. ಹಿಂದಿನ ದಿನ ಆಯುಧಪೂಜೆ. ಕೇಟಿ ಎಂಬ ಊರಿನಲ್ಲಿರುವ ನಮ್ಮ ಮನೆಗೆ ಬಂದಿದ್ದ ಅಮ್ಮ, ಸೈಕಲ್ಲಿನಲ್ಲಿ ಎಲ್ಲಕ್ಕಿಂತ ಹೊಳೆಯುವ ಜಾಗ ಹುಡುಕಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಿದ್ದರು. ಅದು ಡಿಸ್ಕ್ ಬ್ರೇಕಿನ ತಟ್ಟೆ. ಬ್ರೇಕ್ ಹಿಡಿಯುವುದೇ ಆ ತಟ್ಟೆಯನ್ನು. ಎಣ್ಣೆ ತಾಗಿದರೆ ಜಾರುತ್ತದೆ. ನನಗಿದು ಗೊತ್ತಿರಲಿಲ್ಲ.

ಓಟಕ್ಕೆ ಮೊದಲು ಸೈಕಲ್ ತಪಾಸಣೆ ಮಾಡುತ್ತಿದ್ದ ಮೆಕ್ಯಾನಿಕ್ ಕೇಳಿದ: “ಆಗಲೇ ರಕ್ತವಾ? ರೇಸ್ ಇನ್ನೂ ಶುರುವಾಗಿಲ್ಲವಲ್ಲ!”

“ಅಮ್ಮ ಮಾಡಿದ ಪೂಜೆ. ನನಗೇನೂ ಆಗಬಾರದು ಅಂತ.”

“ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಎಲ್ಲಾ ಆಗುತ್ತೆ. ಒರೆಸದೆ ನಿನ್ನನ್ನು ಬಿಡಲ್ಲ.”

ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿದ. ನಾನು ಕಟ್ಟಕಡೆಗೆ ಬಂದೆ, ಆದರೆ ಬೀಳಲಿಲ್ಲ.

ಮನೆಯಲ್ಲಿ ಅಮ್ಮ, “ನೋಡಿದೆಯಾ, ಕುಂಕುಮ ಇಟ್ಟಿದ್ದಕ್ಕೇ!” ಅಂದರು. ಒರೆಸಿದ್ದನ್ನು ನಿಮಗೆ ಹೇಳಿದ್ದೇನೆ, ಅವರಿಗಲ್ಲ.